ರಿಜೆಕ್ಟ್ ಮಿಸ್ಸಿನ ಹನ್ನೊಂದು ಹುಡುಗಿಯರು

ಚೀಲದ ಕಾರ್ಖಾನೆಯ ತಪಾಸಣೆ ಮೇಜಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವಳ ಕಣ್ಣಿಗೆ ಸರಿಯಿದ್ದದ್ದು ಕಾಣುವುದೇ ಇಲ್ಲ. ಜಿಪ್ಪಿನ ಒಂದು ಹಲ್ಲು ತಪ್ಪಿದ್ದರೆ ಕಾಣುತ್ತದೆ, ಹೊಲಿಗೆ ಒಂದು ನೂಲಿನಷ್ಟು ವಾಲಿದ್ದರೆ ಕಾಣುತ್ತದೆ. ಉಳಿದದ್ದು ಮುಂದಕ್ಕೆ ಹೋಗುತ್ತದೆ, ಅಷ್ಟೆ. ಸಂಜೆ ಐದಕ್ಕೆ ಕೈ ತೊಳೆದು, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ನೀರಿನ ಟ್ಯಾಂಕಿನ ಹಿಂದಿನ ಮೈದಾನಕ್ಕೆ ಬಂದು ಹನ್ನೊಂದು ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುವಾಗಲೂ ಅವಳು ತರುತ್ತಿದ್ದದ್ದು ಅದೇ ಕಣ್ಣು. ಹುಡುಗಿಯರು ಎದುರಿಗೆ ಮಿಸ್ ಅನ್ನುತ್ತಿದ್ದರು, ಬೆನ್ನ ಹಿಂದೆ ರಿಜೆಕ್ಟ್ ಮಿಸ್. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಲಿಲ್ಲ. ಹನ್ನೊಂದು ತಲೆಯಲ್ಲಿ ಒಂದಾದರೂ ಓಡುತ್ತದಲ್ಲ ಅಂದುಕೊಂಡಳು.

ಹೆಸರಿಡುವುದರಲ್ಲಿ ಅವಳೇನೂ ಹಿಂದೆ ಬಿದ್ದವಳಲ್ಲ. ಬಂದ ಚೆಂಡನ್ನೆಲ್ಲ ಕಾಲಸಂದಿಯಲ್ಲಿ ಸೋರಬಿಡುತ್ತಿದ್ದ ಹುಡುಗಿ ಜರಡಿ. ಎರಡು ಸುತ್ತು ಓಡಿದರೆ ಸೊಂಟಕ್ಕೆ ಕೈಕೊಟ್ಟು ನಿಲ್ಲುವ ದಪ್ಪ ಹುಡುಗಿ ಉಸ್ಸಮ್ಮ. ಸ್ವಂತ ತಂಗಿಯ ಮಗಳಿಗೂ ರಿಯಾಯಿತಿ ಇರಲಿಲ್ಲ. ಹನ್ನೆರಡು ವರ್ಷದ, ಕಡ್ಡಿಯಂಥ ಆ ಹುಡುಗಿ ಸೂಜಿ. ದೊಡ್ಡಮ್ಮ ಅಂತ ಬಾಯ್ತುಂಬ ಕರೆಯುವ ಆ ಮಗು, ಮಿಸ್ಸು ತಾನು ಆಡುತ್ತಿದ್ದ ಕಾಲದಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ, ಎರಡನೇ ಮತ್ತು ಮೂರನೇ ಬೇಸಿನ ನಡುವೆ, ಶಾರ್ಟ್‌ಸ್ಟಾಪ್ ಆಗಿ ನಿಲ್ಲುತ್ತಿತ್ತು. ಮಿಸ್ಸಿಗೆ ಮಕ್ಕಳಿಲ್ಲ. ಆ ಮಾತನ್ನು ಅವಳ ಎದುರು ಯಾರೂ ಆಡುತ್ತಿರಲಿಲ್ಲ, ಅವಳೂ ಆಡುತ್ತಿರಲಿಲ್ಲ. ಆದರೆ ಸೂಜಿಯ ಗ್ಲೌಸಿಗೆ ತಾನೇ ಎಣ್ಣೆ ಹಚ್ಚಿ, ಒಳಗೆ ಚೆಂಡಿಟ್ಟು ಹಗ್ಗ ಸುತ್ತಿ, ವಾರಗಟ್ಟಲೆ ತನ್ನ ಹಾಸಿಗೆಯಡಿ ಇಟ್ಟು ಹದ ಮಾಡಿಕೊಟ್ಟಿದ್ದಳು. ಕೊಡುವಾಗ ಮಾತ್ರ, "ಇದನ್ನೂ ಕಳ್ಕೊಂಡ್ರೆ ಮನೆ ಕಡೆ ಬರಬೇಡ" ಅಂದಿದ್ದಳು.

ಅವಳ ಕಲಿಸುವ ರೀತಿಯೇ ಬೇರೆ. ಎಂಟು ತಿಂಗಳು ಒಂದೇ ಒಂದು ಪಂದ್ಯ ಆಡಿಸಲಿಲ್ಲ. ಬ್ಯಾಟನ್ನು ಹುಡುಗಿಯರ ಕೈಗೆ ಕೊಡುತ್ತಿದ್ದದ್ದು ಶನಿವಾರ ಮಾತ್ರ, ಅದೂ ಹತ್ತು ನಿಮಿಷ. ಉಳಿದ ದಿನವೆಲ್ಲ ನೆಲದ ಚೆಂಡು. ಮಂಡಿ ಬಗ್ಗಿಸು, ಕುಂಡೆ ಇಳಿಸು, ಗ್ಲೌಸು ನೆಲಕ್ಕೆ ಮುಟ್ಟಲಿ, ಇನ್ನೊಂದು ಕೈ ಮೇಲಿಂದ ಮುಚ್ಚಳದ ಹಾಗೆ ಬರಲಿ. ಹಿಡಿದ ಮೇಲೆ ಎಡಭುಜ ತೋರಿಸು, ಹೆಜ್ಜೆ ಹಾಕು, ಎಸೆ. ಮುಗಿಯಿತಾ, ಮತ್ತೊಮ್ಮೆ. ಮಿಸ್ಸು ಬ್ಯಾಟ್ ಮಾಡುವ ಜಾಗವಾದ ಹೋಮ್ ಪ್ಲೇಟಿನ ಬಳಿ ನಿಂತು ಚೆಂಡನ್ನು ತಾನೇ ಒಂದು ಗೇಣು ಮೇಲೆ ಹಾರಿಸಿ, ಬ್ಯಾಟಿನಿಂದ ಸವರಿದಂತೆ ಹೊಡೆಯುತ್ತಿದ್ದಳು. ಚೆಂಡು ನೆಲ ಬಿಟ್ಟು ಏಳುತ್ತಿರಲಿಲ್ಲ. ಆ ಹೊಡೆತ ಆ ಊರಿನಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ ಎನ್ನುವುದನ್ನು ಅವಳ ಶತ್ರುಗಳೂ ಒಪ್ಪುತ್ತಿದ್ದರು.

ಹೆತ್ತವರು ಗೊಣಗುತ್ತಿದ್ದರು. ಅವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಮಗಳಿಗೆ ಬೂಟಿನ ಲೇಸು ಕಟ್ಟಿಕೊಳ್ಳಲು ಕಲಿಸದವರು ಗುಲಾಬಿ ಬಣ್ಣದ ಗ್ಲೌಸು, ಹೆಸರು ಬರೆಸಿದ ಬ್ಯಾಟು, ಬಿಸಿಲು ಕುಕ್ಕದಿರಲೆಂದು ಕಣ್ಣಿನ ಕೆಳಗೆ ಬಳಿಯುವ ಕಪ್ಪು ಎಲ್ಲ ಕೊಡಿಸಿ ತಂದುಬಿಡುತ್ತಿದ್ದರು. ಬೇಲಿಯಾಚೆ ಮಡಿಸುವ ಕುರ್ಚಿ ಹಾಕಿಕೊಂಡು ಫೋನು ಎತ್ತಿ ಹಿಡಿದು ಕೂರುತ್ತಿದ್ದರು. ಒಮ್ಮೆ ಜರಡಿಯ ಅಪ್ಪ ಬಂದು, "ಮೇಡಂ, ನಮ್ಮ ಹುಡುಗಿ ಯಾವಾಗ ಬ್ಯಾಟ್ ಮಾಡ್ತಾಳೆ?" ಅಂತ ಕೇಳಿದ.

"ನೆಲದ ಚೆಂಡು ಹಿಡಿಯೋಕೆ ಬರದವಳು ಬ್ಯಾಟ್ ಹಿಡಿದು ಏನು ಮಾಡ್ತಾಳೆ? ಸೊಳ್ಳೆ ಓಡಿಸ್ತಾಳಾ?" ಅಂದಳು ಮಿಸ್ಸು. ಅವನು ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಕುರ್ಚಿಗೆ ವಾಪಸಾದ.

ಹೀಗಿದ್ದರೂ ಅವಳನ್ನು ಯಾರೂ ಅಲ್ಲಾಡಿಸದೆ ಇದ್ದುದಕ್ಕೆ ಕಾರಣ ಒಂದೇ. ಅವಳ ಹುಡುಗಿಯರ ಮೊದಲ ಹೆಜ್ಜೆ. ಚೆಂಡು ಬ್ಯಾಟಿಗೆ ತಾಗುವುದರೊಳಗೆ ಅವರು ಹೊರಟಿರುತ್ತಿದ್ದರು. ಬಲಕ್ಕೆ ಹೊಡೆದರೆ ಬಲಕ್ಕೆ, ಎಡಕ್ಕೆ ಹೊಡೆದರೆ ಎಡಕ್ಕೆ, ಮೊದಲೇ ಯಾರೋ ಕಿವಿಯಲ್ಲಿ ಹೇಳಿದ ಹಾಗೆ. ಬೇರೆ ಕ್ಲಬ್ಬಿನಿಂದ ನೋಡಲು ಬಂದವರು ಕಣ್ಣು ಬಾಯಿ ಬಿಟ್ಟುಕೊಂಡು ಹೋಗಿದ್ದರು. ಜರಡಿ ಕೂಡ, ಹಿಡಿಯುವುದು ಹಾಗಿರಲಿ, ಜಾಗಕ್ಕೆ ಹೋಗಿ ನಿಂತಿರುತ್ತಿದ್ದಳು. ಇದು ಎಂಟು ತಿಂಗಳ ಬೈಗುಳದ ಫಲ ಎನ್ನುವುದರಲ್ಲಿ ಮಿಸ್ಸಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಮೈದಾನದ ಇನ್ನೊಂದು ತುದಿಯಲ್ಲಿ ಇನ್ನೊಂದು ತಂಡ ಕಲಿಯುತ್ತಿತ್ತು. ಅದರ ಕೋಚು ಫೋನು ರಿಪೇರಿ ಅಂಗಡಿಯ ಯುವಕ. ಅವನಿಗೆ ಮಿಸ್ಸು ಇಟ್ಟ ಹೆಸರು ಶಭಾಷ್. ಚೆಂಡು ಹಿಡಿದರೂ ಶಭಾಷ್, ಬಿಟ್ಟರೂ ಶಭಾಷ್, ಮುಗ್ಗರಿಸಿ ಮೂಗು ತರಚಿಕೊಂಡರೂ ಶಭಾಷ್. ಅವನ ಹುಡುಗಿಯರಿಗೆ ಎಸೆಯಲು ಬರುತ್ತಿರಲಿಲ್ಲ, ಗ್ಲೌಸು ನೆಲಕ್ಕೆ ಇಳಿಸಲು ಬರುತ್ತಿರಲಿಲ್ಲ. ಸಾಲದ್ದಕ್ಕೆ, ಪಿಚರ್ ಹುಡುಗಿ ಕೈ ತಿರುಗಿಸಿ ಚೆಂಡು ಬಿಡುವ ಹೊತ್ತಿಗೆ ಉಳಿದವರೆಲ್ಲ ಇದ್ದಲ್ಲೇ ಪುಟಕ್ಕನೆ ಒಂದು ಸಣ್ಣ ನೆಗೆತ ನೆಗೆಯುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಮಿಸ್ಸು ತನ್ನ ಹುಡುಗಿಯರ ಕಡೆ ತಿರುಗಿ, "ನೋಡ್ರೇ, ಕಪ್ಪೆ ಮರಿಗಳ ಡ್ರಿಲ್ಲು ಶುರುವಾಯ್ತು" ಅನ್ನುತ್ತಿದ್ದಳು. ಹುಡುಗಿಯರು ನಗುತ್ತಿದ್ದರು. ನಗದಿದ್ದರೆ ಎರಡು ಸುತ್ತು ಓಟ.

ಕ್ಲಬ್ಬಿನ ಕಾರ್ಯದರ್ಶಿ ಔಷಧಿ ಅಂಗಡಿಯವನು. ಆ ವರ್ಷ ಹೊರಗಿನ ಲೀಗಿಗೆ ಒಂದೇ ತಂಡ ಕಳಿಸಬೇಕು, ತಂಡಕ್ಕೆ ಒಬ್ಬರೇ ಕೋಚು ಅಂತ ಮೇಲಿನಿಂದ ಕಾಗದ ಬಂದಾಗ ಅವನು ಮಿಸ್ಸನ್ನೂ ಶಭಾಷನನ್ನೂ ಸಾಮಾನಿನ ಕೋಣೆಗೆ ಕರೆದ. ಹರಿದ ಬೇಸುಗಳ, ಹಳೆಯ ಪ್ಯಾಡುಗಳ ನಡುವೆ ನಿಂತು, "ಭಾನುವಾರ ಎರಡು ಬ್ಯಾಚಿಗೂ ಒಂದು ಪಂದ್ಯ ಇಟ್ಬಿಡೋಣ. ಐದು ಇನ್ನಿಂಗ್ಸ್. ಅದಾದ ಮೇಲೆ ಮಕ್ಕಳೆಲ್ಲ ಒಬ್ಬರ ಕೈಗೆ" ಅಂದ.

"ಯಾರ ಕೈಗೆ?" ಅಂದಳು ಮಿಸ್ಸು.

"ನೋಡೋಣ ಮೇಡಂ, ಆಟ ನೋಡಿ ತೀರ್ಮಾನ ಮಾಡೋಣ."

"ನಿಮಗೆ ಆಟ ನೋಡೋಕೆ ಬರತ್ತಾ?"

ಕಾರ್ಯದರ್ಶಿ ಕೆಮ್ಮಿದ. ಶಭಾಷ್ ನಕ್ಕು, "ಮಿಸ್, ನಿಮ್ಮ ಮಕ್ಕಳ ಮೊದಲ ಹೆಜ್ಜೆ ನೋಡಿದ್ರೆ ನಂಗೇ ಭಯ ಆಗತ್ತೆ" ಅಂದ. ಹೊಗಳಿಕೆಯನ್ನು ಹೀಗೆ ದಾರಿಯಲ್ಲಿ ಚೆಲ್ಲಿಕೊಂಡು ಹೋಗುವವರನ್ನು ಕಂಡರೆ ಅವಳಿಗೆ ಅಸಹ್ಯ. ಹೊರಗೆ ಬಂದಳು.

ಶನಿವಾರ ಸಂಜೆ ತಂಗಿಯ ಮನೆಗೆ ಹೋದಳು. ತಂಗಿ ಅಡಿಗೆಮನೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಸೂಜಿ ಮೇಜಿನ ಕೆಳಗೆ ಕಾಲು ಇಳಿಬಿಟ್ಟು ಹಾಲಿನ ಲೋಟವನ್ನು ತಿರುಗಿಸುತ್ತ ಕೂತಿತ್ತು.

"ಅಕ್ಕ, ಮಗು ಸರಿಯಾಗಿ ತಿಂತಿಲ್ಲ," ಅಂದಳು ತಂಗಿ. "ಏನಾಯ್ತು ಅಂದ್ರೆ ಬಾಯಿ ಬಿಡಲ್ಲ. ನಾಳೆದೇ ಚಿಂತೆ ಅನ್ಸತ್ತೆ. ಒಂದು ಒಳ್ಳೆ ಮಾತು ಹೇಳು."

"ಒಳ್ಳೆ ಮಾತು ಹೇಳೋಕೆ ಆ ಕಡೆ ಒಬ್ಬ ಇದ್ದಾನೆ. ಅವನ ಹತ್ರ ಕಳಿಸು."

"ನಿನ್ನ ಬಾಯಿಗೆ ಹೆದರಿ ನಾನೂ ಚಿಕ್ಕಂದಿನಲ್ಲಿ ಎಷ್ಟೋ ವಿಷಯ ನುಂಗ್ಕೊಂಡಿದ್ದೀನಿ ಅಕ್ಕ."

"ಹೆದರಿ ಏನು ಕೆಟ್ಟೆ? ನೆಟ್ಟಗಿದ್ದೀಯಲ್ಲ."

ಸೂಜಿ ಲೋಟ ಕೆಳಗಿಟ್ಟು, "ದೊಡ್ಡಮ್ಮ, ನಾಳೆ ಗೆಲ್ಲದೆ ಹೋದ್ರೆ ನಿನ್ನ ತೆಗೆದುಬಿಡ್ತಾರಾ?" ಅಂತ ಕೇಳಿತು. ಅದು ಮಿಸ್ಸಿಗೂ ಗೊತ್ತಿತ್ತು. ಹೌದು, ತೆಗೆದುಬಿಡುತ್ತಾರೆ. ಆಮೇಲೆ ಸಂಜೆ ಐದರಿಂದ ಏಳರವರೆಗೆ ತನಗೆ ಹೋಗಲು ಜಾಗವೇ ಇರುವುದಿಲ್ಲ, ಈ ಹುಡುಗಿ ಬೇರೆಯವನ ಎದುರು ಮಂಡಿ ಬಗ್ಗಿಸುತ್ತದೆ. ಅದನ್ನೆಲ್ಲ ಹೇಳುವ ಬದಲು, "ಹಾಲು ಕುಡಿ. ಗಾಳಿ ಬಂದ್ರೆ ಹಾರಿಹೋಗೋ ಹಾಗಿದ್ದೀಯ" ಅಂದಳು.

ಭಾನುವಾರ ಬೆಳಿಗ್ಗೆ ಬೇಲಿಯುದ್ದಕ್ಕೂ ಮಡಿಸುವ ಕುರ್ಚಿಗಳು. ಮೊದಲು ಬ್ಯಾಟ್ ಮಾಡಿದ್ದು ಶಭಾಷನ ತಂಡ. ಮೊದಲ ಹುಡುಗಿ ಬ್ಯಾಟು ಬೀಸಿದಳು, ಬೀಸಿದ್ದೇನು ಬಂತು, ಚೆಂಡು ತಾನಾಗಿ ಬಂದು ಬ್ಯಾಟಿಗೆ ತಾಗಿ ಶಾರ್ಟ್‌ಸ್ಟಾಪ್ ಕಡೆ ಉರುಳಿತು. ಮುದುಕಿಯೂ ಬಗ್ಗಿ ಎತ್ತಿಕೊಳ್ಳಬಹುದಾದ ಚೆಂಡು. ಮಿಸ್ಸು ಆಗಲೇ ಮುಂದಿನ ಹುಡುಗಿಯ ಕಡೆ ಕಣ್ಣು ಹೊರಳಿಸಿದ್ದಳು. ಬೇಲಿಯಿಂದ ಕೂಗು ಎದ್ದಾಗ ತಿರುಗಿ ನೋಡಿದರೆ ಸೂಜಿ ಕಂಬದ ಹಾಗೆ ನಿಂತಿತ್ತು. ಚೆಂಡು ಪಕ್ಕದಲ್ಲೇ ದಾಟಿಹೋದ ಮೇಲೆ ಮಂಡಿ ಬಗ್ಗಿಸಿ, ಗ್ಲೌಸು ನೆಲಕ್ಕೆ ಮುಟ್ಟಿಸಿತು. ಪಾಠದಲ್ಲಿ ಒಂದು ತಪ್ಪಿರಲಿಲ್ಲ, ಚೆಂಡು ಮಾತ್ರ ಅಲ್ಲಿರಲಿಲ್ಲ.

ಎರಡನೆಯದು ಉಸ್ಸಮ್ಮನ ಕಡೆ ಹೋಯಿತು. ಅವಳೂ ನಿಂತೇ ಇದ್ದಳು. ಮೂರನೆಯದಕ್ಕೆ ಜರಡಿ ಎಡಕ್ಕೆ ಹಾರಿದಳು, ಚೆಂಡು ಬಲಕ್ಕೆ ಹೋಯಿತು. ಕಪ್ಪೆ ಮರಿಗಳು ಕುಪ್ಪಳಿಸುತ್ತ ಬೇಸಿಂದ ಬೇಸಿಗೆ ಓಡಿದವು. ಮೊದಲ ಇನ್ನಿಂಗ್ಸಿನಲ್ಲಿ ಆರು ರನ್ನು, ಎರಡನೆಯದರಲ್ಲಿ ಮೂರು. ಮಿಸ್ಸಿನ ಹುಡುಗಿಯರ ಬ್ಯಾಟಿಂಗ್ ಬಗ್ಗೆ ಹೇಳದಿರುವುದೇ ವಾಸಿ. ವಾರಕ್ಕೆ ಹತ್ತು ನಿಮಿಷ ಬ್ಯಾಟು ಹಿಡಿದವರು ಎಷ್ಟು ಹೊಡೆಯಬೇಕೋ ಅಷ್ಟೇ ಹೊಡೆದರು. ಬೇಲಿಯಾಚೆ ಜರಡಿಯ ಅಪ್ಪ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಗುವುದು ಅವಳಿಗೆ ಕಾಣಿಸಿತು.

ಎರಡನೇ ಇನ್ನಿಂಗ್ಸ್ ಮುಗಿದದ್ದೇ ಹನ್ನೊಂದು ಜನರನ್ನೂ ಬೆಂಚಿನ ಹಿಂದೆ ಕರೆದಳು.

"ಏನ್ರೇ ಇದು? ಕಾಲಿಗೆ ಸಿಮೆಂಟ್ ಹಾಕ್ಕೊಂಡು ಬಂದಿದ್ದೀರಾ? ನಿನ್ನೆವರೆಗೆ ಚೆಂಡಿಗಿಂತ ಮುಂಚೆ ಓಡ್ತಿದ್ರಿ. ಇವತ್ತು ನಾಲ್ಕು ಜನ ನೋಡ್ತಿದ್ದಾರೆ ಅಂತ ನಾಚಿಕೆನಾ? ವಧುಪರೀಕ್ಷೆಗೆ ಕೂತಿದ್ದೀರಾ?"

ಜರಡಿ ನೆಲ ನೋಡುತ್ತಲೇ, "ಅವರು ತಟ್ಟಲ್ಲ ಮಿಸ್" ಅಂದಳು.

"ಏನು ತಟ್ಟಲ್ಲ?"

ಜರಡಿ ಸೂಜಿಯ ಕಡೆ ನೋಡಿದಳು. ಸೂಜಿ ಹೇಳಿತು, "ಬ್ಯಾಟು, ದೊಡ್ಡಮ್ಮ. ನೀನು ಹೊಡೆಯೋ ಮೊದಲು ನೆಲಕ್ಕೆ ಎರಡು ಸಲ ತಟ್ತೀಯ. ನಿನ್ನ ಬಲಗಡೆ ತಟ್ಟಿದ್ರೆ ಚೆಂಡು ಆ ಕಡೆ ಬರತ್ತೆ. ಎಡಗಡೆ ತಟ್ಟಿದ್ರೆ ಎಡಗಡೆ. ಮುಂದೆ ತಟ್ಟಿದ್ರೆ ನೇರ. ನಾವು ಅದನ್ನೇ ನೋಡೋದು. ಇವರು ತಟ್ಟದೇನೇ ಹೊಡೀತಾರೆ."

"ನಾನ್ಯಾಕೆ ತಟ್ಲಿ? ನಾನೇನೂ ತಟ್ಟಲ್ಲ."

ಹನ್ನೊಂದು ಜೊತೆ ಕಣ್ಣು ಒಟ್ಟಿಗೆ ಅವಳ ಬಲಪಾದದ ಕಡೆ ಹೋದವು. ಬೈಯುವ ಭರದಲ್ಲಿ ಕೈಗೆತ್ತಿಕೊಂಡಿದ್ದ ಬ್ಯಾಟು ಅಲ್ಲಿ ನೆಲವನ್ನು ಟಕ್ ಟಕ್ ಎಂದು ತಟ್ಟುತ್ತಿತ್ತು. ಹುಡುಗಿಯರಲ್ಲಿ ಮೂರು ಜನ ಆಗಲೇ ಆ ಕಡೆಗೆ ಅರ್ಧ ಹೆಜ್ಜೆ ಸರಿದಿದ್ದರು.

ಮಿಸ್ಸು ಬ್ಯಾಟನ್ನು ಹಿಡಿದು ನಿಲ್ಲಿಸಿದಳು. "ಎಷ್ಟು ದಿನದಿಂದ ಗೊತ್ತು ಇದು?"

"ಮೊದಲ ತಿಂಗಳಿಂದ."

"ಮತ್ತೆ ಹೇಳೋದಕ್ಕೇನು ದಾಡಿ ನಿಮಗೆ?"

ಉಸ್ಸಮ್ಮ ಸೊಂಟಕ್ಕೆ ಕೈಕೊಟ್ಟುಕೊಂಡೇ ಹೇಳಿದಳು, "ನಾನು ಹೇಳೋಕೆ ಬಂದಿದ್ದೆ ಮಿಸ್. ಬಾಯಿ ತೆಗೆಯೋ ಮೊದಲೇ, ನೀನು ನನಗೆ ಕಲಿಸೋಕೆ ಬಂದ್ಯಾ ಅಂದ್ರಿ. ನಾಲ್ಕು ಸುತ್ತು ಓಡಿಸಿದ್ರಿ."

ಓಡಿಸಿದ್ದು ಮಿಸ್ಸಿಗೆ ನೆನಪಿತ್ತು. ಮೂರನೇ ಸುತ್ತಿಗೇ ಹುಡುಗಿ ಏದುಸಿರು ಬಿಟ್ಟದ್ದೂ, ತಾನು ಅದನ್ನು ಅಣಕಿಸಿದ್ದೂ ನೆನಪಿತ್ತು. ಅವಳು ಏನು ಹೇಳಲು ಬಂದಿದ್ದಳು ಅಂತ ಅವತ್ತು ಕೇಳಬೇಕೆಂದು ಮಾತ್ರ ಅನಿಸಿರಲಿಲ್ಲ. ಕಾರ್ಖಾನೆಯಲ್ಲಿ ಹೊಸಬರಿಗೆ ಅವಳೇ ಕಲಿಸುತ್ತಿದ್ದ ಮಾತೊಂದಿತ್ತು. ಒಂದು ಚೀಲ ಕೆಟ್ಟಿದ್ದರೆ ಹೊಲಿದವರನ್ನು ಬೈಯಿರಿ, ಇಡೀ ಲಾಟು ಒಂದೇ ಕಡೆ ಕೆಟ್ಟು ಬಂದರೆ ಕತ್ತರಿಸಿದ ಅಚ್ಚನ್ನು ನೋಡಿ. ಹನ್ನೊಂದು ಹುಡುಗಿಯರು ಒಂದೇ ಕಡೆ ಕೆಟ್ಟಿದ್ದರು. ಎಂಟು ತಿಂಗಳು ಇಡೀ ಜಗತ್ತನ್ನು ಮೂಗಿನ ತುದಿಯಿಂದ ನೋಡಿದವಳಿಗೆ ಈಗ ತನ್ನ ಮೇಲೇ ಹೇಸಿಗೆ ಬಂತು. ಮೊದಲ ಹೆಜ್ಜೆಯಂತೆ, ಬೈಗುಳದ ಫಲವಂತೆ. ಬ್ಯಾಟಿನ ತಾಳಕ್ಕೆ ಕುಣಿಯುವುದನ್ನು ಕಲಿಸಿ, ಊರವರೆದುರು ಮೀಸೆಯಿಲ್ಲದ ಮುಖದಲ್ಲಿ ಮೀಸೆ ತಿರುವಿದ್ದಳು.

ಅಂಪೈರು ಕೂಗಿದ. ಬೇಲಿಯವರಿಗೆ ಕೇಳುವ ಹಾಗೆ ಮಾತಾಡದೆ ಬೇರೆ ದಾರಿ ಇರಲಿಲ್ಲ, ಹುಡುಗಿಯರು ಆಗಲೇ ಒಳಗೆ ಹೊರಟಿದ್ದರು.

"ನಿಲ್ರೇ. ನನ್ನ ಕಡೆ ನೋಡಬೇಡಿ. ಬ್ಯಾಟಿನ ಕಡೆನೂ ನೋಡಬೇಡಿ. ನಮ್ಮ ಪಿಚರ್ ಕೈ ನೋಡಿ. ಅವಳು ಚೆಂಡು ಬಿಡೋ ಹೊತ್ತಿಗೆ ಪುಟಕ್ಕಂತ ಒಂದು ನೆಗೆತ ನೆಗೀರಿ. ಕಾಲು ನೆಲಕ್ಕೆ ಬರೋ ಹೊತ್ತಿಗೆ ಚೆಂಡು ಎಲ್ಲಿ ಹೋಗತ್ತೆ ಅಂತ ಗೊತ್ತಾಗತ್ತೆ."

"ಕಪ್ಪೆ ಮರಿಗಳ ಥರಾನಾ ಮಿಸ್?" ಅಂದಳು ಜರಡಿ, ಪಾಪ, ಖಚಿತ ಮಾಡಿಕೊಳ್ಳಲು.

ಆ ಕಡೆ ಬೆಂಚಿನಲ್ಲಿ ಶಭಾಷ್ ತಲೆ ಎತ್ತಿ ನೋಡುತ್ತಿದ್ದ. "ಹೌದು," ಅಂದಳು ಮಿಸ್ಸು ಹಲ್ಲು ಕಚ್ಚಿ, "ಅವರ ಥರಾನೇ."

ಮೂರನೇ ಇನ್ನಿಂಗ್ಸಿನಿಂದ ಅವರು ನೆಗೆದರು. ಮೊದಮೊದಲು ಒಬ್ಬೊಬ್ಬರು ಒಂದೊಂದು ಹೊತ್ತಿಗೆ, ಬಿಸಿ ನೆಲ ತುಳಿದವರ ಹಾಗೆ. ಆಮೇಲೆ ಹದ ಸಿಕ್ಕಿತು. ಹೆಜ್ಜೆ ಸಿಕ್ಕಿದ್ದೇ ತಡ, ಉಳಿದ ಪಾಠವೆಲ್ಲ ಕೈಯಲ್ಲೇ ಇತ್ತು. ಗ್ಲೌಸು ನೆಲಕ್ಕೆ, ಮುಚ್ಚಳದ ಕೈ, ಭುಜ, ಎಸೆತ. ಸೂಜಿ ಸಾಲಾಗಿ ಮೂರು ಜನರನ್ನು ಔಟ್ ಮಾಡಿತು. ಜರಡಿ ಒಂದು ಚೆಂಡನ್ನು ಹಿಡಿದು, ಹಿಡಿದದ್ದು ನಂಬದೆ ಗ್ಲೌಸಿನೊಳಗೆ ಇಣುಕಿ ನೋಡುತ್ತ ನಿಂತುಬಿಟ್ಟಳು. ಕೊನೆಯ ಮೂರು ಇನ್ನಿಂಗ್ಸಿನಲ್ಲಿ ಆ ಕಡೆಯವರಿಗೆ ಸಿಕ್ಕಿದ್ದು ಎರಡೇ ರನ್ನು. ಆದರೆ ಹೊಡೆಯಲು ಬಾರದವರು ಎಲ್ಲಿಂದ ರನ್ನು ತರುತ್ತಾರೆ? ಹನ್ನೊಂದಕ್ಕೆ ಎದುರಾಗಿ ನಾಲ್ಕು. ಸೋತರು.

ಕಾರ್ಯದರ್ಶಿ ಮೈದಾನದೊಳಕ್ಕೆ ಬಂದ. ಹೆತ್ತವರೂ ಅವನ ಹಿಂದೆ ಬಂದರು, ತಂಗಿಯೂ ಬಂದಳು. ಔಷಧಿ ಕೊಟ್ಟರೂ ಡಾಕ್ಟರು ಬರೆದದ್ದು ಅನ್ನುತ್ತ ಬದುಕಿದವನು, ಯಾವುದಕ್ಕೂ ತಾನು ಹೊಣೆಯಲ್ಲ ಎನ್ನುವುದು ಅವನ ಮೈಗೆ ಹತ್ತಿತ್ತು. ಸೋಲು ಕಣ್ಣೆದುರಿಗಿದ್ದರೂ ಅವಳ ಮುಖಕ್ಕೆ ಹೇಳುವ ಧೈರ್ಯ ಬರಲಿಲ್ಲ.

"ಇಬ್ಬರೂ ಚೆನ್ನಾಗೇ ಕಲಿಸಿದ್ದೀರಿ," ಅಂದ. "ಆ ಬ್ಯಾಚು ಹೇಗೂ ಅವರದ್ದೇ. ನಿಮ್ಮ ಮಕ್ಕಳೇ ಹೇಳಿಬಿಡಲಿ ಮೇಡಂ. ನಿಮ್ಮ ಹತ್ರ ಇರೋರು ನಿಮ್ಮ ಬಲಗಡೆ ಬರಲಿ, ಅವರ ಹತ್ರ ಹೋಗೋರು ಎಡಗಡೆ ಹೋಗಲಿ. ಒಂದಿಬ್ಬರು ಆ ಕಡೆ, ಈ ಕಡೆ ಆದ್ರೂ ಪರವಾಗಿಲ್ಲ. ಈ ಹನ್ನೊಂದರಲ್ಲಿ ಹೆಚ್ಚು ಜನ ಎಲ್ಲಿ ನಿಲ್ತಾರೋ ತಂಡ ಅವರಿಗೆ."

ಹುಡುಗಿಯರು ಅಲುಗಲಿಲ್ಲ. ಹನ್ನೊಂದು ಜನ ಸಾಲಾಗಿ, ಮಂಡಿ ಸ್ವಲ್ಪ ಬಗ್ಗಿಸಿ ನಿಂತಿದ್ದರು. ಭಯಕ್ಕೋ ಮರ್ಯಾದೆಗೋ ಅಂತ ಹೆತ್ತವರು ಅಂದುಕೊಂಡಿರಬೇಕು. ಮಿಸ್ಸಿಗೆ ತಕ್ಷಣ ಗೊತ್ತಾಯಿತು. ಬ್ಯಾಟು ಇನ್ನೂ ಅವಳ ಕೈಯಲ್ಲಿತ್ತು. ಹುಡುಗಿಯರು ಕಾಯುತ್ತಿದ್ದದ್ದು ಅದಕ್ಕೆ.

ಬಲಗಡೆ ಎರಡು ಸಲ ತಟ್ಟಿದರೆ ಸಾಕಿತ್ತು. ಯೋಚನೆ ಮಾಡುವ ಮೊದಲೇ ಅವರ ಕಾಲು ಬಲಕ್ಕೆ ಬಂದಿರುತ್ತಿತ್ತು. ಹನ್ನೊಂದೂ ಬರುತ್ತಿದ್ದವು, ಸೂಜಿ ಎಲ್ಲರಿಗಿಂತ ಮುಂದೆ. ಕಾರ್ಯದರ್ಶಿಗೆ, ಬೇಲಿಯವರಿಗೆ, ಆ ಫೋನು ರಿಪೇರಿಯವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮಕ್ಕಳಿಗೆ ಮಿಸ್ ಅಂದರೆ ಎಷ್ಟು ಪ್ರೀತಿ ನೋಡಿ ಅನ್ನುತ್ತಿದ್ದರು. ಅವಳಿಗೆ ಬೇಕಿತ್ತು. ಬ್ಯಾಟಿನ ತುದಿ ಆಗಲೇ ಬಲಪಾದದ ಪಕ್ಕಕ್ಕೆ ಸರಿದಿತ್ತು.

ಅವಳು ಬ್ಯಾಟನ್ನು ಎತ್ತಿ, ಶಭಾಷನ ಕೈಗೆ ತುರುಕಿದಳು. "ಹಿಡ್ಕೊಳ್ರಿ."

"ಶಭಾಷ್," ಅಂದುಬಿಟ್ಟ ಅವನು, ಅಭ್ಯಾಸಬಲ. ಅಂದವನೇ ನಾಲಿಗೆ ಕಚ್ಚಿಕೊಂಡ.

"ಏನು ನೋಡ್ತಿದ್ದೀರಿ?" ಅಂದಳು ಮಿಸ್ಸು ಹುಡುಗಿಯರಿಗೆ, ಎರಡು ಖಾಲಿ ಅಂಗೈ ತೋರಿಸಿ. "ನನ್ನ ಕೈಯಲ್ಲಿ ಏನೂ ಇಲ್ಲ. ನಿಮಗೆ ಎಲ್ಲಿ ಬೇಕೋ ಅಲ್ಲಿಗೆ ನಡೀರಿ."

ಮೊದಲು ಹೊರಟವಳು ಜರಡಿ. ಎಡಕ್ಕೆ. ಅವಳ ಹಿಂದೆ ಇಬ್ಬರು, ಆಮೇಲೆ ಆರು ಜನ. ಉಸ್ಸಮ್ಮ ಎರಡು ಹೆಜ್ಜೆ ಬಲಕ್ಕೆ ಬಂದು, ಮಿಸ್ಸಿನ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದು, ಹೇಳದೆ ತಿರುಗಿ ಎಡಕ್ಕೆ ಹೋದಳು. ಹತ್ತು ಜನ ಹೋದರು. ಸಾಲಿನಲ್ಲಿ ಉಳಿದದ್ದು ಸೂಜಿ ಒಂದೇ. ತಂಗಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ದೊಡ್ಡಮ್ಮ, ನಾನು ಯಾವ ಕಡೆ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮಿಸ್ಸು ಅದನ್ನು ನುಂಗಿದಳು. "ನನ್ನನ್ನ ಕೇಳಬೇಡ. ನಿನಗೆ ಎಲ್ಲಿ ಆಡಬೇಕು ಅನ್ಸತ್ತೆ?"

ಹುಡುಗಿ ಅವಳ ಖಾಲಿ ಕೈ ನೋಡಿತು, ಎಡಗಡೆ ನಿಂತ ಗೆಳತಿಯರನ್ನು ನೋಡಿತು. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಇದ್ದಲ್ಲೇ ಪುಟಕ್ಕನೆ ಸಣ್ಣದೊಂದು ನೆಗೆತ ನೆಗೆದು ಎಡಕ್ಕೆ ಓಡಿತು. ಹಿಮ್ಮಡಿ ನೆಲಕ್ಕೆ ತಾಗಲಿಲ್ಲ, ಭಾರವೆಲ್ಲ ಮುಂಗಾಲಿನ ಮೇಲೆ, ತಲೆ ನೇರ. ಯಾರೂ ಹೇಳದೆ ಹೊರಟ ಹೆಜ್ಜೆ. ಅದರಲ್ಲಿ ಒಂದು ನೂಲಿನಷ್ಟೂ ತಪ್ಪಿರಲಿಲ್ಲ, ಮತ್ತು ಮಿಸ್ಸಿಗೆ ಅದು ಕಾಣಿಸಿತು.

ಚೆನ್ನಾಗಿ ಓಡ್ತಿದ್ದೀಯ ಮಗಳೇ ಅಂತ ಹೇಳಬೇಕೆಂದು ಅವಳಿಗೆ ಅನಿಸಿತು. ಬಾಯಿ ತೆರೆದಳು. ಅಂಥ ಮಾತು ಅಲ್ಲಿ ಎಂದೂ ಓಡಾಡಿದ್ದಿಲ್ಲ, ದಾರಿ ಸಿಗಲಿಲ್ಲ.

"ಏನೇ ಕುಂಟ್ತಿದ್ದೀಯ?" ಅಂತ ಕೂಗಿದಳು. "ಬೇಗ ಓಡು!"

ಹುಡುಗಿ ತಿರುಗಿ ನೋಡಲಿಲ್ಲ.